ಒಳಕೋಣೆಗೆ ತಲುಪದ ವೈಫೈ

ಜೂನ್ ತಿಂಗಳಲ್ಲಿ ಮುಂಬಯಿಯ ಶಾಲೆಗಳು ತೆರೆದೊಡನೆ ನಮ್ಮ ಮನೆಗಳಲ್ಲಿ ಒಂದು ಹಳೆಯ ದೂರು ಹೊಸದಾಗಿ ಕೇಳಿಬರುತ್ತದೆ. ಹೊರಕೋಣೆಯಲ್ಲಿ ವೈಫೈ ಚೆನ್ನಾಗಿ ಬರುತ್ತದೆ, ಒಳಕೋಣೆಯಲ್ಲಿ ಬರುವುದಿಲ್ಲ ಎಂಬುದೇ ಆ ದೂರು. ಇದಕ್ಕೆ ನೆರೆಹೊರೆಯವರು ಕೊಡುವ ಸಲಹೆಯೂ ಒಂದೇ: ಒಂದು ರಿಪೀಟರ್ ತಂದು ಹಾಕಿರಿ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಅಂಗೈಯಗಲದ ಈ ಪೆಟ್ಟಿಗೆ ಬೇಕಾದಷ್ಟು ದೊರೆಯುತ್ತದೆ. ತಂದವರು ಅದನ್ನು ವೈಫೈ ಬಾರದ ಕೋಣೆಯ ಪ್ಲಗ್ಗಿಗೇ ಚುಚ್ಚುತ್ತಾರೆ. ಎಂಟು ದಿನಗಳ ತರುವಾಯ ದುಡ್ಡು ದಂಡವಾಯಿತೆಂದು ಹಳಿಯುತ್ತಾರೆ. ದೋಷವು ಯಂತ್ರದ್ದಲ್ಲ, ಅದನ್ನಿಟ್ಟ ಸ್ಥಳದ್ದು ಎಂಬುದು ನಮ್ಮ ಅಭಿಪ್ರಾಯ.

ರಿಪೀಟರಿಗೆ ಪುನಃಪ್ರಸಾರಕವೆಂಬ ಸಂಸ್ಕೃತ ನಾಮಧೇಯವನ್ನು ಕೊಡಬಹುದು. ಆದರೆ ಅಂಗಡಿಯವನಿಗೆ ಅದು ತಿಳಿಯಲಾರದಾದುದರಿಂದ ಬಳಕೆಯ ಮಾತೇ ಇರಲಿ. ಅದರ ಕಾರ್ಯವನ್ನು ಅರಿಯಲು ನಮ್ಮವರಿಗೆ ವಿಜ್ಞಾನದ ಗ್ರಂಥ ಬೇಕಾಗಿಲ್ಲ, ಉಡುಪಿ ಹೋಟೆಲಿನ ಮಾಣಿಯನ್ನು ನೆನೆದರೆ ಸಾಕು. ಗಿರಾಕಿಯು ಮೆಲ್ಲಗೆ ಹೇಳಿದುದನ್ನು ಕೇಳಿಕೊಂಡು, ಅಡಿಗೆಮನೆಯತ್ತ ತಿರುಗಿ, ಅದನ್ನೇ ಗಟ್ಟಿಯಾಗಿ ಕೂಗುವವನು ಅವನು. ಎರಡು ದೋಸೆಯೆಂದು ಕೇಳಿದರೆ ಎರಡು ದೋಸೆಯೆಂದೇ ಕೂಗುತ್ತಾನೆ. ತನ್ನದಾಗಿ ಒಂದು ಇಡ್ಲಿಯನ್ನೂ ಸೇರಿಸಲಾರ. ಗಿರಾಕಿಯ ಮಾತು ಕೇಳಿಸದಷ್ಟು ದೂರದಲ್ಲಿ ಅವನನ್ನು ನಿಲ್ಲಿಸಿದರೆ, ಅವನ ಕಂಠ ಎಷ್ಟು ದೊಡ್ಡದಾದರೇನು? ರಿಪೀಟರೂ ಹಾಗೆಯೇ. ರೂಟರಿನ ತರಂಗಗಳು ಸೊರಗಿಹೋದ ಕೋಣೆಯಲ್ಲಿಟ್ಟರೆ ಸೊರಗಿದುದನ್ನೇ ಅದು ಹರಡುವುದು. ಆಗ ಫೋನಿನ ಮೂಲೆಯಲ್ಲಿ ಎಲ್ಲ ಗೆರೆಗಳೂ ತುಂಬಿ ಕಾಣುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ಆ ಗೆರೆಗಳು ಫೋನಿಗೂ ರಿಪೀಟರಿಗೂ ಇರುವ ಸಂಬಂಧವನ್ನು ತೋರಿಸುತ್ತವೆಯೇ ಹೊರತು ರಿಪೀಟರಿಗೂ ರೂಟರಿಗೂ ಇರುವುದನ್ನಲ್ಲ.

ಇನ್ನೊಂದು ಮಿತಿಯೂ ಉಂಟು. ಕೂಗುತ್ತಿರುವಾಗ ಮಾಣಿಯು ಮತ್ತೊಬ್ಬರ ಮಾತಿಗೆ ಕಿವಿಗೊಡಲಾರ. ಒಂದೇ ತರಂಗಪಟ್ಟಿಯಲ್ಲಿ ದುಡಿಯುವ ಅಗ್ಗದ ರಿಪೀಟರು ಪ್ರತಿಯೊಂದು ಸಂದೇಶವನ್ನೂ ಒಮ್ಮೆ ಕೇಳಬೇಕು, ಮತ್ತೊಮ್ಮೆ ಹೇಳಬೇಕು. ಹೀಗಾಗಿ ವೇಗವು ಸುಮಾರು ಅರ್ಧಕ್ಕೆ ಇಳಿಯುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳುಳ್ಳವು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಹೇಳಬಲ್ಲವಾದುದರಿಂದ ಅಲ್ಲಿ ನಷ್ಟ ಕಡಿಮೆ.

ಆದರೆ ನಾವು ಈ ವಿಷಯವನ್ನು ಎತ್ತಿಕೊಂಡದ್ದು ಕೇವಲ ಯಂತ್ರದ ಸಲುವಾಗಿ ಅಲ್ಲ. ತಮ್ಮ ಮನೆಯ ರೂಟರು ಎಲ್ಲಿದೆಯೆಂದು ಓದುಗರು ಒಮ್ಮೆ ತಲೆಯೆತ್ತಿ ನೋಡಲಿ. ಡೊಂಬಿವಲಿಯಿರಲಿ, ಮೀರಾರೋಡಿರಲಿ, ಅದು ಹೊರಬಾಗಿಲ ಪಕ್ಕದಲ್ಲಿ ಚಪ್ಪಲಿಯ ಕಪಾಟಿನ ಮೇಲಿರುತ್ತದೆ, ಇಲ್ಲವೆ ಟಿ.ವಿ.ಯ ಬೆನ್ನಿಗಿರುತ್ತದೆ. ಜೋಡಣೆಗೆ ಬಂದವನು ತಂತಿಯು ಮನೆಯನ್ನು ಹೊಕ್ಕ ಸ್ಥಳದಲ್ಲಿಯೇ ಮೊಳೆ ಹೊಡೆದು ಹೊರಟುಹೋದ; ಟಿ.ವಿ. ಚೆನ್ನಾಗಿ ನಡೆಯಿತೆಂದು ಯಜಮಾನರೂ ತೃಪ್ತರಾದರು. ಒಳಗೆ ಇರುವವರಾರು? ಪರೀಕ್ಷೆಗೆ ಓದುವ ಮಗಳು, ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ಸೊಸೆ, ಮಂಚದ ಮೇಲೆ ಕುಳಿತು ಊರಿನ ಯಕ್ಷಗಾನದ ನೇರಪ್ರಸಾರ ನೋಡಬಯಸುವ ಅಜ್ಜ. ಅಡಿಗೆಮನೆಯಲ್ಲಿ, ತವರಿನವರ ಮುಖ ನೋಡುತ್ತ ಎರಡು ಮಾತನಾಡಬೇಕೆನ್ನುವ ಗೃಹಿಣಿ. ಬಿಲ್ಲು ಇಡೀ ಮನೆಯದು, ಸೌಕರ್ಯ ಮಾತ್ರ ಸೋಫಾದ ಮೇಲಿನವರದು! 2020ರಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿ ಪಾಠಗಳು ಪರದೆಯ ಮೇಲೆ ಬಂದಾಗ, ಮಕ್ಕಳು ತರಂಗವನ್ನರಸುತ್ತ ಹೊಸ್ತಿಲಲ್ಲಿಯೂ ಗ್ಯಾಲರಿಯಲ್ಲಿಯೂ ಕುಳಿತು ಪಾಠ ಕೇಳಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಶಾಲೆಗಳು ಮತ್ತೆ ತೆರೆದವು, ಪೆಟ್ಟಿಗೆಯು ಟಿ.ವಿ.ಯ ಹಿಂದಿನಿಂದ ಅಲುಗಲಿಲ್ಲ.

ಅದನ್ನು ಅಲುಗಿಸುವುದೇ ಮೊದಲ ಮದ್ದು. ಅದಕ್ಕೆ ಖರ್ಚೂ ಅಲ್ಪ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ತರುವಾಯ, ದೂರದಲ್ಲಿದ್ದ ನಮ್ಮ ಹಿರಿಯರು ರಾತ್ರಿಯ ಹೊತ್ತು ಆ ಧ್ವನಿಯನ್ನು ಹಿಡಿಯಲು ರೇಡಿಯೋವನ್ನು ಕಿಟಕಿಗೆ ಒಯ್ದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡುತ್ತಿದ್ದರು. ಪೆಟ್ಟಿಗೆಯ ಸ್ಥಳವೇ ಮುಖ್ಯವೆಂಬ ಆ ವಿವೇಕ ಮೊಮ್ಮಕ್ಕಳ ಕಾಲಕ್ಕೆ ಏಕೆ ಮಾಯವಾಯಿತೋ ತಿಳಿಯದು. ರೂಟರು ಮನೆಯ ನಡುಭಾಗದಲ್ಲಿ, ಎದೆಮಟ್ಟಕ್ಕಿಂತ ಮೇಲೆ, ಮುಚ್ಚುಮರೆಯಿಲ್ಲದೆ ಇರಬೇಕು. ಉಕ್ಕಿನ ಕಪಾಟು, ನಿಲುಗನ್ನಡಿ, ಫ್ರಿಜ್ಜು ಇವು ತರಂಗಕ್ಕೆ ಅಡ್ಡಗೋಡೆಗಳೇ ಸರಿ. ಕಾಂಕ್ರೀಟಿನ ಒಳಗಿನ ಕಬ್ಬಿಣವೂ ಅಷ್ಟೇ. 5 ಗಿಗಾಹರ್ಟ್ಸಿನ ತರಂಗ ವೇಗಶಾಲಿಯಾದರೂ ಗೋಡೆಗೆ ಬೇಗ ಸೋಲುತ್ತದೆ, 2.4ರದು ನಿಧಾನವಾದರೂ ದೂರ ಹೋಗುತ್ತದೆ. ತಂತಿ ಸಾಲದೆಂದು ಜೋಡಣೆಯವನು ಹೇಳಿದರೆ, ಉದ್ದದ ತಂತಿ ತರುವಂತೆ ಕೇಳುವ ಅಧಿಕಾರ ಹಣ ಕೊಡುವವರಿಗೆ ಇದ್ದೇ ಇದೆ.

ಅಷ್ಟರಿಂದಲೂ ಸಾಲದಿದ್ದರೆ ಒಳಕೋಣೆಗೆ ಒಂದು ನೆಟ್‌ವರ್ಕ್ ಕೇಬಲನ್ನು ಎಳೆಯುವುದು ಉತ್ತಮ. ಈ ಕೇಬಲು 100 ಮೀಟರಿನವರೆಗೆ ಸೊರಗದೆ ಸಂದೇಶವನ್ನು ಒಯ್ಯಬಲ್ಲದು. ನಮ್ಮ ಫ್ಲಾಟುಗಳಿಗೆ 20 ಮೀಟರು ಧಾರಾಳವಾಯಿತು. ಅದರ ಆಚೆಯ ತುದಿಗೆ, ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ ಎಂಬ ಕ್ರಮಕ್ಕೆ ತಿರುಗಿಸಿ ಜೋಡಿಸಬಹುದು. ಗೋಡೆಯ ಅಂಚಿನಲ್ಲಿ ತಂತಿ ಕಾಣುವುದು ಶೋಭೆಯಲ್ಲವೆಂದು ಕೆಲವರು ಮೂಗು ಮುರಿಯುತ್ತಾರೆ. ಮಗಳು ಹೊಸ್ತಿಲಲ್ಲಿ ಕುಳಿತು ಓದುವುದು ಶೋಭೆಯೇ ಎಂದು ಅವರನ್ನು ಕೇಳಬೇಕಾಗಿದೆ.

ಆದರೂ ರಿಪೀಟರು ನಿರರ್ಥಕವೆಂದು ನಾವು ಹೇಳುತ್ತಿಲ್ಲ. ನಮ್ಮವರಲ್ಲಿ ಅನೇಕರು ಬಾಡಿಗೆ ಮನೆಗಳಲ್ಲಿರುವವರು. ಹನ್ನೊಂದು ತಿಂಗಳ ಕರಾರು, ಗೋಡೆಗೆ ಒಂದು ತೂತು ಕೊರೆದರೂ ಮಾಲಿಕನು ಡಿಪಾಜಿಟ್ಟಿಗೆ ಕೈಹಾಕುವನು. ಅಂಥವರಿಗೆ ಈ ಪೆಟ್ಟಿಗೆ ಉಪಕಾರಿಯೇ. ಮಾಣಿಯನ್ನು ನಿಲ್ಲಿಸುವ ಸ್ಥಳದಲ್ಲಿ ಅದನ್ನು ನಿಲ್ಲಿಸಿದರಾಯಿತು: ರೂಟರಿಗೂ ಒಳಕೋಣೆಗೂ ನಡುವೆ, ತರಂಗ ಇನ್ನೂ ಬಲವಾಗಿರುವ ಕಡೆ, ಸಾಧ್ಯವಾದರೆ ರೂಟರಿನಿಂದ ಬಾಗಿಲುಗಳ ನೇರದಲ್ಲಿ. ಮೆಶ್ ಎಂಬ ಹೆಸರಿನಲ್ಲಿ ಎರಡು ಮೂರು ಪೆಟ್ಟಿಗೆಗಳ ಜೋಡಿಯನ್ನೂ ಈಗ ಮಾರುತ್ತಾರೆ. ಅವು ಹೆಚ್ಚು ಜಾಣ್ಮೆಯಿಂದ ಕೂಡಿ ಕೆಲಸ ಮಾಡುತ್ತವೆಯಾದರೂ, ನಡುವೆ ತಂತಿಯಿಲ್ಲದಿದ್ದರೆ ಸ್ಥಳದ ನಿಯಮ ಅವಕ್ಕೂ ತಪ್ಪಿದ್ದಲ್ಲ.

ನೆರೆಯವರ ಹಿತವೂ ಇದರಲ್ಲಿ ಅಡಗಿದೆ. ನಮ್ಮ ದೇಶದಲ್ಲಿ ಸರಕಾರವು 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಿತು. 5 ಗಿಗಾಹರ್ಟ್ಸಿನಲ್ಲಿ 2018ರಲ್ಲಿ ಅವಕಾಶವನ್ನು ಬಹಳ ವಿಸ್ತರಿಸಿತು. ಯಾರ ಅಪ್ಪಣೆಯೂ ಇಲ್ಲದೆ ಎಲ್ಲರೂ ಬಳಸಬಹುದಾದ ಬಯಲಿದು. ಆದರೆ 2.4ರಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6, 11 ಎಂಬ ಮೂರು ಮಾತ್ರ. ಒಂದೊಂದು ಅಂತಸ್ತಿನಲ್ಲಿ ನಾಲ್ಕಾರು ಸಂಸಾರಗಳಿರುವ ಕಟ್ಟಡದಲ್ಲಿ ಮನೆಗೆರಡರಂತೆ ರಿಪೀಟರು ಕೂಗತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸದು. ರೂಟರನ್ನು ಸರಿಸಿದರೆ ಸಾಕಾಗುವಲ್ಲಿ ರಿಪೀಟರು ತರಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ತಂದವರು ಅದರ ಮೂಲ ಗುಪ್ತಪದವನ್ನು ಮರೆಯದೆ ಬದಲಿಸಲಿ. ಮುಂಬಾಗಿಲಿಗೆ ಬೀಗವಿಟ್ಟು ಹಿತ್ತಿಲನ್ನು ತೆರೆದಿಡುವವರು ನಮ್ಮಲ್ಲಿ ಕಡಿಮೆಯಿಲ್ಲ.

ಕೊನೆಗೆ ಒಂದು ಕೋರಿಕೆ. ಮುಂಬಯಿಯ ಹಳೆಯ ಸೊಸಾಯಿಟಿ ಕಟ್ಟಡಗಳು ಒಂದೊಂದಾಗಿ ಉರುಳಿ ಹೊಸ ಗೋಪುರಗಳು ಏಳುತ್ತಿವೆ. ಬಿಲ್ಡರನು ನಕ್ಷೆಯನ್ನು ಬಿಡಿಸಿ ತೋರಿಸಿದಾಗ ನಮ್ಮ ಸದಸ್ಯರು ಕಾರ್ಪೆಟ್ ಏರಿಯಾವನ್ನು, ಪಾರ್ಕಿಂಗನ್ನು ಅಂಗುಲ ಅಂಗುಲವಾಗಿ ಅಳೆಯುತ್ತಾರೆ, ಅದು ಯೋಗ್ಯವೇ. ಹೊರಬಾಗಿಲಿನಿಂದ ಪ್ರತಿಯೊಂದು ಕೋಣೆಗೂ ಗೋಡೆಯೊಳಗೆ ನೆಟ್‌ವರ್ಕ್ ಕೇಬಲಿಗಾಗಿ ಒಂದು ಬೇರೆ ಕೊಳವೆ ಇದೆಯೇ ಎಂದು ಕೇಳುವವರನ್ನು ಮಾತ್ರ ನಾವು ಕಂಡಿಲ್ಲ. ಗಿಲಾವು ಮಾಡುವ ಮುನ್ನ ಕೇಳಿದರೆ ಅದು ಅಲ್ಪ ವೆಚ್ಚದ ಕೆಲಸ. ಗಿಲಾವಾದ ಮೇಲೆ ಮತ್ತೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೇ ಗತಿ.