ಸ್ವಲ್ಪವಾದರೂ ಸರಿ, ದಿನವೂ ಇರಲಿ

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುತ್ತಿದ್ದಂತೆ ನಮ್ಮಲ್ಲಿ ಹೆಚ್ಚಿನವರ ಆಟ ನಿಂತುಹೋಗುತ್ತದೆ. ಬೆಳಿಗ್ಗೆ ಟ್ಯೂಷನ್, ಹಗಲು ಕಾಲೇಜು, ಸಂಜೆ ನೀಟ್ ಅಥವಾ ಸಿಇಟಿ ಕೋಚಿಂಗ್, ರಾತ್ರಿ ರೆಕಾರ್ಡ್ ಬರೆಯುವ ಕೆಲಸ. 'ವ್ಯಾಯಾಮವೆಲ್ಲಾ ಪರೀಕ್ಷೆ ಮುಗಿದ ಮೇಲೆ' ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಪರೀಕ್ಷೆ ಮುಗಿದ ಮೇಲೆ ಏನಾಗುತ್ತದೆ? ಜಿಮ್‌ಗೆ ಮೂರು ತಿಂಗಳ ಫೀಸ್ ಕಟ್ಟುತ್ತಾರೆ. ಮೊದಲ ವಾರ ಮೈಕೈ ನೋಯುವಷ್ಟು ಭಾರ ಎತ್ತುತ್ತಾರೆ, ಎರಡನೇ ವಾರ ಒಂದೆರಡು ದಿನ ತಪ್ಪಿಸುತ್ತಾರೆ, ಮೂರನೇ ವಾರ ಬಿಟ್ಟೇಬಿಡುತ್ತಾರೆ. ಇವರನ್ನು ಸೋಮಾರಿಗಳು ಎಂದು ಬೈಯುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಇಷ್ಟವಿಲ್ಲದ್ದನ್ನು, ಶಕ್ತಿಗೆ ಮೀರಿದ್ದನ್ನು ಯಾರೂ ಬಹಳ ದಿನ ಮಾಡಲಾರರು.

ಕರ್ಮಗಳಲ್ಲಿ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು ಸ್ವಲ್ಪವಾದರೂ ನಿರಂತರವಾಗಿ ಮಾಡುವಂಥದ್ದು ಎಂಬ ಅರ್ಥದ ಹದೀಸ್ ನಮಗೆ ಮದ್ರಸದ ದಿನಗಳಿಂದಲೇ ಗೊತ್ತು. ಬುಖಾರಿ, ಮುಸ್ಲಿಂ ಎರಡರಲ್ಲೂ ಅದು ಇದೆ. ಅದನ್ನು ಸುನ್ನತ್ ನಮಾಝ್‌ಗೆ, ಕುರ್‌ಆನ್ ಪಾರಾಯಣಕ್ಕೆ ಅನ್ವಯಿಸುತ್ತೇವೆ. ಅಮಾನತ್ತಾಗಿ ಸಿಕ್ಕಿರುವ ಈ ದೇಹಕ್ಕೆ ಯಾಕೆ ಅನ್ವಯಿಸುವುದಿಲ್ಲ? ನಮ್ಮ ಜೊತೆ ಓದುವ ಬೇರೆ ಧರ್ಮದ ಗೆಳತಿಯರಿಗೂ ಇದು ಹೊಸ ಮಾತಲ್ಲ. ಹನಿಹನಿ ಗೂಡಿದರೆ ಹಳ್ಳ ಎಂದು ಅವರ ಮನೆಯಲ್ಲೂ ಅಜ್ಜಿಯಂದಿರು ಹೇಳುತ್ತಾರೆ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ರೀಲ್ಸ್‌ಗಳಲ್ಲಿ ಹೇಳುತ್ತಾರೆ. ಅದು ಅಷ್ಟು ಸುಲಭವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಕೆಲಸ ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಬೇಕೆಂದು ಅವರು ಕಂಡರು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಎಂಬುದು ಅವರ ಲೆಕ್ಕ. ನನಗೆ ಸಮಾಧಾನ ತಂದದ್ದು ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಟೆಸ್ಟ್ ಇದ್ದ ದಿನ ಬಿಟ್ಟುಹೋಯಿತೇ, ಮರುದಿನ ಮುಂದುವರಿಸಿದರಾಯಿತು.

ಆ ಅಧ್ಯಯನದಲ್ಲಿ ಪ್ರತಿಯೊಬ್ಬರೂ ಹೊಸ ಅಭ್ಯಾಸವನ್ನು ದಿನದ ಒಂದು ನಿಶ್ಚಿತ ಹೊತ್ತಿಗೆ ಕಟ್ಟಿಕೊಂಡಿದ್ದರು. ನಮಗೆ ಅಂಥ ಹೊತ್ತುಗಳು ದಿನಕ್ಕೆ ಐದು ಇವೆ. ಸುಬಹ್ ನಂತರ ಹತ್ತು ನಿಮಿಷ ಸ್ಕಿಪ್ಪಿಂಗ್, ಅಸರ್ ನಂತರ ತಂಗಿಯ ಜೊತೆ ಶಟಲ್. ಯಾವುದು ಇಷ್ಟವೋ ಅದು.

ಈಗ ಹುಡುಗಿಯರ ವಿಷಯ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ತಜ್ಞರು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85 ಮಂದಿ ಅಷ್ಟು ಮಾಡುವುದಿಲ್ಲ. ಹುಡುಗರಿಗಾದರೂ ಸಂಜೆ ಗದ್ದೆಯಲ್ಲಿ ಕ್ರಿಕೆಟ್ ಇದೆ. ನಮಗೆ ಮನೆಯ ಟೆರೇಸ್ ಬಿಟ್ಟರೆ ಜಾಗ ಎಲ್ಲಿ? ರಸ್ತೆಯಲ್ಲಿ ನಡೆಯಲು ಹೋದರೆ 'ಯಾರ ಮಗಳು, ಎಲ್ಲಿಗೆ?' ಎಂದು ಕೇಳುವವರಿದ್ದಾರೆ. ಇದು ಧರ್ಮದ ಅಡ್ಡಿ ಎಂದು ಯಾರೂ ಹೇಳಬೇಕಾಗಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಪತ್ನಿ ಆಯಿಶಾ(ರ)ರ ಜೊತೆ ಓಟದ ಸ್ಪರ್ಧೆ ಮಾಡಿದ್ದು ಅಬೂದಾವೂದ್‌ನಲ್ಲಿದೆ. ಮೊದಲ ಸಲ ಗೆದ್ದವರು ಆಯಿಶಾ(ರ)ರೇ!

ನಮ್ಮ ಹೆತ್ತವರು ಚಿಂತೆಯಿಲ್ಲದೆ ಕಳಿಸುವ ಜಾಗವೆಂದರೆ ಕಾಲೇಜು. ಆದರೆ ಇಲ್ಲಿ ಟೈಮ್‌ಟೇಬಲಿನಲ್ಲಿರುವ ಪಿ.ಟಿ. ಪೀರಿಯಡ್ ಹೆಚ್ಚಾಗಿ ಪೋರ್ಷನ್ ಮುಗಿಸಲು ಹೋಗುತ್ತದೆ. ಥ್ರೋಬಾಲ್ ನೆಟ್ ಸ್ಟೋರ್‌ರೂಮಿನಿಂದ ಹೊರಬರುವುದು ಕ್ರೀಡಾಕೂಟ ಬಂದಾಗ ಮಾತ್ರ. ಉಪನ್ಯಾಸಕರ ಕಷ್ಟವೂ ನನಗೆ ಅರ್ಥವಾಗುತ್ತದೆ. ಫಲಿತಾಂಶ ಕಡಿಮೆಯಾದರೆ ಉತ್ತರ ಕೊಡಬೇಕಾದವರು ಅವರೇ. ಆದರೆ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತು ತೂಕಡಿಸುತ್ತಿರುವ ತರಗತಿಗೆ ಇನ್ನೊಂದು ಪೀರಿಯಡ್ ಪಾಠ ಮಾಡಿದರೆ ಎಷ್ಟು ತಲೆಗೆ ಹತ್ತುತ್ತದೆ ಎಂಬುದನ್ನೂ ಅವರೇ ಹೇಳಲಿ.

ಆದ್ದರಿಂದ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಎರಡು. ಪೂರ್ವಸಿದ್ಧತಾ ಪರೀಕ್ಷೆ ಬರುವವರೆಗಾದರೂ ಪಿ.ಟಿ. ಪೀರಿಯಡನ್ನು ಬೇರೆ ವಿಷಯಕ್ಕೆ ಕೊಡಬೇಡಿ. ಕೊನೆಯ ಬೆಲ್ ಆಗಿ ಕಾಲೇಜು ಬಸ್ಸು ಹೊರಡುವ ನಡುವಿನ ಇಪ್ಪತ್ತು ನಿಮಿಷ, ವಾರಕ್ಕೆ ಎರಡು ದಿನ, ಒಬ್ಬರು ಮೇಡಂ ಅವರ ಉಸ್ತುವಾರಿಯಲ್ಲಿ ಹುಡುಗಿಯರಿಗೆ ಮೈದಾನ ಬಿಟ್ಟುಕೊಡಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹಣವೂ ಬೇಡ. ಸ್ಟೋರ್‌ರೂಮಿನ ಬೀಗದ ಕೈ ಸಿಕ್ಕಿದರೆ ಸಾಕು. ನೆಟ್ ಕಟ್ಟುವ, ಬಿಚ್ಚಿ ಮಡಚಿಡುವ ಕೆಲಸ ನಮ್ಮದು.