ಗಾಡಿ ನಿಂತ ಎಕರೆಯ ಬೆಳೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಬಂತೇನು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಆ ಸುಂಕದವನು ಈಗ ಸಂತೆ ಬಾಗಿಲು ಬಿಟ್ಟು ಆಟದ ಮೈದಾನದ ಬಾಗಿಲಿಗೆ ಬಂದು ಕೂತಿದ್ದಾನೆ. ಕ್ರಿಕೆಟ್ ಸ್ಟೇಡಿಯಂ ಆಗಲಿ, ಜಾರುಬಂಡೆ, ನೀರಾಟ ಇರುವ ಥೀಮ್ ಪಾರ್ಕ್ ಆಗಲಿ, ಒಳಗಿನ ಟಿಕೆಟ್ಟಿನ ಮಾತು ಆಮೇಲೆ. ಗಾಡಿ ನಿಲ್ಲಿಸಿದ್ದಕ್ಕೆ ಮೊದಲು ಕಾಸು ಎಣಿಸಬೇಕು. ಅದು ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಯಾಕೆ, ಯಾರ ಜೇಬಿಗೆ ಹೋಗುತ್ತದೆ, ಗಡಿಯಲ್ಲಿ ಹೊಲ, ಅಂಗಡಿ ನೋಡಿಕೊಂಡಿರುವ ನಮಗೆ ಇದರ ಗೊಡವೆ ಯಾಕೆ ಬೇಕು ಎಂಬುದನ್ನು ಕೊಂಚ ಲೆಕ್ಕ ಹಾಕಿಯೇ ನೋಡೋಣ.

ಈ ಪದ್ಧತಿ ಬೇರೂರಿ ಮರವಾಗಿರುವುದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಆನಾಹೈಮ್ ಎಂಬಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಅದು ಎದ್ದು ನಿಂತದ್ದು ಬಂಜರಿನ ಮೇಲಲ್ಲ. ಕಿತ್ತಳೆ, ಅಕ್ರೋಟು ತೋಟಗಳಿದ್ದ ಸುಮಾರು 160 ಎಕರೆಯನ್ನು ತೋಟಗಾರರಿಂದ ಕೊಂಡು, ಮರ ಕಡಿದು, ಅಲ್ಲಿ ಆಟದ ಊರು ಕಟ್ಟಿದರು. ಆ ಜಮೀನಿನಲ್ಲಿ ಹೆಚ್ಚು ಪಾಲು ನುಂಗಿದ್ದು ಆಟವೂ ಅಲ್ಲ, ಅರಮನೆಯೂ ಅಲ್ಲ. ಸುಮಾರು 100 ಎಕರೆ ಹೋದದ್ದು ಕಾರು ನಿಲ್ಲಿಸುವ ಬಯಲಿಗೆ. ಅದರಲ್ಲಿ ಹನ್ನೆರಡು ಸಾವಿರ ಕಾರು ಹಿಡಿಯುತ್ತಿದ್ದವು. ಕಾರೊಂದಕ್ಕೆ ಆಗ 25 ಸೆಂಟ್, ಅಂದರೆ ಕಾಲು ಡಾಲರ್.

ಅದೇ ಪಾರ್ಕಿನಲ್ಲಿ 2019ರ ಹೊತ್ತಿಗೆ ಪಾರ್ಕಿಂಗ್ ದರ 25 ಡಾಲರ್ ಆಗಿತ್ತು. 2023ರ ಅಕ್ಟೋಬರಿನಲ್ಲಿ 35 ಡಾಲರ್ ಮಾಡಿದರು. ಆಮೇಲೆ ಇಳಿದ ಸುದ್ದಿಯಂತೂ ಇಲ್ಲ. 1955ರಿಂದ 2023ರವರೆಗೆ ಅಮೆರಿಕದಲ್ಲಿ ಸಾಮಾನ್ಯ ಬೆಲೆಗಳು ಏರಿದ್ದು ಸುಮಾರು ಹನ್ನೊಂದು ಪಟ್ಟು. ಪಾರ್ಕಿಂಗ್ ಏರಿದ್ದು ನೂರನಲವತ್ತು ಪಟ್ಟು! ಬೆಲೆಯೇರಿಕೆಯ ಜೊತೆ ಅದೂ ಏರಿತು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಪಾರ್ಕಿನ ಎಲ್ಲಕ್ಕಿಂತ ಅಗ್ಗದ ದಿನದ ಟಿಕೆಟ್ 2019ರಲ್ಲಿ 104 ಡಾಲರ್ ಇತ್ತು. 2023ರಲ್ಲಿ ಪಾರ್ಕಿಂಗ್ ಏರಿಸಿದಾಗಲೂ ಆ 104 ಅಲುಗಲಿಲ್ಲ. ಜಾಹೀರಾತಿನಲ್ಲಿ ಕಾಣುವುದು ಟಿಕೆಟ್ಟಿನ ಬೆಲೆ ತಾನೇ? ಅದನ್ನು ಹಿಡಿದಿಟ್ಟು, ಜಾಹೀರಾತಿನಲ್ಲಿ ಕಾಣದ ಕಡೆ ಎಳೆದುಕೊಂಡರು. ಸಂತೆಯಲ್ಲಿ ಕಡಿಮೆ ಭಾವ ಕೂಗಿ ತಕ್ಕಡಿಯಲ್ಲಿ ಸರಿಮಾಡಿಕೊಳ್ಳುವವನನ್ನು ನಾವು ನೋಡಿಲ್ಲವೇ? ಅವನದು ಕಳ್ಳತೂಕ, ಇವರದು ಕಾನೂನಿಗೆ ಒಳಪಟ್ಟದ್ದು. ವ್ಯತ್ಯಾಸ ಅಷ್ಟೆ.

ಈಗ ರೈತನ ಲೆಕ್ಕ. ನೂರು ಎಕರೆಗೆ ಹನ್ನೆರಡು ಸಾವಿರ ಕಾರು ಅಂದರೆ ಎಕರೆಗೆ 120. ಕಾರಿಗೆ 35 ಡಾಲರಿನಂತೆ, ಜಾಗವೊಂದು ದಿನಕ್ಕೆ ಒಂದೇ ಸಲ ತುಂಬಿದರೂ ಎಕರೆಗೆ 4,200 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಕಡಿಮೆಯೇ ಹಿಡಿಯಿರಿ, ಮೂರೂವರೆ ಲಕ್ಷ ದಾಟಿತು. ನಮ್ಮ ಮಡಕಶಿರಾ, ರಾಯದುರ್ಗದ ಕಡೆ ಮಳೆ ನಂಬಿ ಬಿತ್ತಿದ ಕಡ್ಲೇಕಾಯಿ ಎಕರೆಗೆ ಐದು ಕ್ವಿಂಟಾಲ್ ಬಂದರೆ ಮನೆದೇವರಿಗೆ ಕಾಯಿ ಒಡೆಯುತ್ತೇವೆ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಅದು ಪೂರ್ತಿ ಕೈಗೆ ಸಿಕ್ಕರೂ ಮೂವತ್ತಾರು ಸಾವಿರ ಚಿಲ್ಲರೆ. ಬೀಜ, ಗೊಬ್ಬರ, ಕಳೆ, ಕೂಲಿ ಎಲ್ಲ ಅದರಲ್ಲೇ ಹೋಗಬೇಕು. ನಮ್ಮ ಹತ್ತು ವರ್ಷದ ಬೆಳೆ ಅಲ್ಲಿ ಒಂದು ಹಗಲಿಗೆ ಬರುತ್ತದೆ, ಅದೂ ಮಳೆ ಇಲ್ಲದೆ, ಉಳುಮೆ ಇಲ್ಲದೆ. ಬಿಳಿ ಗೆರೆ ಎಳೆದರೆ ಬಿತ್ತನೆ ಮುಗಿಯಿತು.

ಅವರಿಗೆ ಖರ್ಚಿಲ್ಲ ಅಂತಲ್ಲ. ಮೊದಲಿನ ಆ ಬಯಲಿನ ಮೇಲೆ 2001ರಲ್ಲಿ ಇನ್ನೊಂದು ಪಾರ್ಕು ಕಟ್ಟಿದರು. ಕಾರುಗಳಿಗೆ 2000ದಲ್ಲೇ ಸುಮಾರು ಹತ್ತು ಸಾವಿರ ಗಾಡಿ ಹಿಡಿಯುವ ಬಹುಮಹಡಿ ಕಟ್ಟಡ ಎಬ್ಬಿಸಿದ್ದರು. ಮಹಡಿ ಮೇಲೆ ಮಹಡಿ ಹಾಕುವುದಕ್ಕೆ ದುಡ್ಡು ಬೇಕು, ಒಪ್ಪೋಣ. ಆದರೆ ದರ ಏರುವುದಕ್ಕೆ ಸಿಮೆಂಟು, ಕಬ್ಬಿಣಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಮಕ್ಕಳನ್ನು ಕೂರಿಸಿಕೊಂಡು ನೂರಾರು ಮೈಲಿ ಬಂದವನು ಬಾಗಿಲಲ್ಲಿ ದರ ಕೇಳಿ ವಾಪಸು ಹೋಗುತ್ತಾನೆಯೇ? ಟಿಕೆಟ್ ಕೊಳ್ಳುವಾಗ ಅವನಿಗೆ ಹತ್ತು ದಾರಿ ಇದ್ದವು. ಹೋಗದೆ ಇರಬಹುದಿತ್ತು, ಬೇರೆ ಕಡೆ ಹೋಗಬಹುದಿತ್ತು. ಗೇಟಿನ ಮುಂದೆ ನಿಂತ ಮೇಲೆ ಉಳಿಯುವುದು ಒಂದೇ ದಾರಿ. ಅಲ್ಲಿ ಚೌಕಾಸಿಗೆ ಎಡೆಯಿಲ್ಲ.

ಸ್ಟೇಡಿಯಂಗಳಲ್ಲಿ ಇದರ ಜೊತೆಗೆ ಮತ್ತೊಂದು ಗುಟ್ಟು ಸೇರುತ್ತದೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ಟಿಕೆಟ್ಟಿನಿಂದ ಬಂದ ಹಣವನ್ನು ಆತಿಥೇಯ ತಂಡ ಒಂಟಿಯಾಗಿ ತಿನ್ನುವ ಹಾಗಿಲ್ಲ. ಮೂರನೇ ಒಂದು ಭಾಗದಷ್ಟು ಹೊರಗಿನಿಂದ ಬರುವ ತಂಡಗಳ ಪಾಲಿಗೆ ಹೋಗುತ್ತದೆ. ಪಾರ್ಕಿಂಗಿನ ಹಣಕ್ಕೆ ಆ ಹಂಚಿಕೆ ಇಲ್ಲ. ಅಣ್ಣತಮ್ಮಂದಿರ ಪಾಲಿಗೆ ಬರುವ ಹೊಲಕ್ಕಿಂತ ಸ್ವಂತ ಹೆಸರಿನ ಹೊಲಕ್ಕೆ ಹೆಚ್ಚು ಗೊಬ್ಬರ ಬೀಳುವುದು ಎಲ್ಲ ಊರಲ್ಲೂ ಉಂಟು.

ಲಾಸ್ ಏಂಜಲೀಸಿನ ಡಾಡ್ಜರ್ ಬೇಸ್‌ಬಾಲ್ ಸ್ಟೇಡಿಯಂ ನೋಡಿ. 1962ರಲ್ಲಿ ತೆರೆದದ್ದು, 56,000 ಆಸನ, ಸುತ್ತ 16,000 ಕಾರಿನ ಬಯಲು. ಅದು ಇರುವ ಚಾವೆಜ್ ರವೀನ್ ಎಂಬ ಗುಡ್ಡದ ಕಣಿವೆಯಲ್ಲಿ ಮೆಕ್ಸಿಕೋ ಮೂಲದ ಬಡಜನರ ಮೂರು ಕೇರಿಗಳಿದ್ದವು. ಬಡವರಿಗೇ ಸರ್ಕಾರಿ ಮನೆ ಕಟ್ಟುತ್ತೇವೆಂದು 1950ರ ಸುಮಾರಿಗೆ ಅವರನ್ನು ಎಬ್ಬಿಸಿದರು. ಮನೆಯ ಯೋಜನೆ ಕೈಬಿಟ್ಟು ಹೋಯಿತು. ಜಾಗ ತಂಡದ ಒಡೆಯನಿಗೆ ಸೇರಿತು. ಕಡೆಗೆ ಉಳಿದಿದ್ದ ಕುಟುಂಬಗಳನ್ನು 1959ರಲ್ಲಿ ಪೊಲೀಸರು ಹೊತ್ತು ಹೊರಗೆ ಹಾಕಿದರು. 2012ರಲ್ಲಿ ಫ್ರಾಂಕ್ ಮೆಕ್‌ಕೋರ್ಟ್ ಎಂಬ ಒಡೆಯ ಆ ತಂಡವನ್ನು ಸುಮಾರು 200 ಕೋಟಿ ಡಾಲರಿಗೆ ಮಾರಿದ. ಆಟಗಾರರನ್ನು ಕೊಟ್ಟ, ಸ್ಟೇಡಿಯಂ ಕೊಟ್ಟ. ಸುತ್ತಲಿನ ಪಾರ್ಕಿಂಗ್ ಬಯಲಿನಲ್ಲಿ ಮಾತ್ರ ತನ್ನ ಪಾಲು ಉಳಿಸಿಕೊಂಡ! ಯಾವುದು ಹಾಲು ಕೊಡುವ ಹಸು ಎಂದು ಅವನಿಗೆ ಗೊತ್ತಿತ್ತು.

ಅಮೆರಿಕದ ಕೇಂದ್ರ ವ್ಯಾಪಾರ ಆಯೋಗ 2025ರ ಮೇ ತಿಂಗಳಿಂದ ಒಂದು ನಿಯಮ ಜಾರಿಗೆ ತಂದಿದೆ. ಆಟ, ಸಂಗೀತ ಕಾರ್ಯಕ್ರಮಗಳ ಟಿಕೆಟ್ ಮಾರುವಾಗ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು. ಒಳ್ಳೆಯ ನಿಯಮವೇ. ಆದರೆ ಗಿರಾಕಿ ಇಷ್ಟಪಟ್ಟು ಪಡೆಯುವ ಸೇವೆಗೆ ಅದು ತಾಕುವುದಿಲ್ಲ. ಬಸ್ಸೇ ಹೋಗದ ಜಾಗಕ್ಕೆ ಕಾರಿನಲ್ಲಿ ಹೋದವನು ಅದನ್ನು ನಿಲ್ಲಿಸುವುದು ಇಷ್ಟವೋ ಕಡ್ಡಾಯವೋ ನೀವೇ ಹೇಳಿ.

ಎದುರು ಮಾತನ್ನೂ ಕೇಳಬೇಕು. ಲಾಸ್ ಏಂಜಲೀಸಿನಲ್ಲೇ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಎಂಬವರು, 2025ರಲ್ಲಿ ತೀರಿಕೊಂಡರು, ಇದೇ ವಿಷಯದ ಮೇಲೆ 2005ರಲ್ಲಿ ದೊಡ್ಡ ಗ್ರಂಥ ಬರೆದಿದ್ದರು. ಪುಕ್ಕಟೆ ಪಾರ್ಕಿಂಗ್ ಎಂಬುದೇ ಇಲ್ಲ, ಕಾರಿನವನು ಕೊಡದಿದ್ದರೆ ಅದರ ಬೆಲೆ ಅಕ್ಕಿಬೇಳೆಯ ಬೆಲೆಯಲ್ಲಿ, ಬಾಡಿಗೆಯಲ್ಲಿ, ಟಿಕೆಟ್ಟಿನಲ್ಲಿ ಸೇರಿ ನಡೆದು ಬಂದವನ ತಲೆಯ ಮೇಲೂ ಬೀಳುತ್ತದೆ ಎಂಬುದು ಅವರ ವಾದದ ತಿರುಳು. ನನಗೆ ಇದು ಸರಿಯೆಂದೇ ತೋರುತ್ತದೆ. ಭೂಮಿಗೆ ಬೆಲೆ ಇದೆ ಎಂದು ರೈತನಾದವನು ಒಪ್ಪದಿದ್ದರೆ ಇನ್ನು ಯಾರು ಒಪ್ಪುತ್ತಾರೆ? ಬಸ್ಸಿನಲ್ಲಿ ಬಂದ ಕೂಲಿಯವನ ಟಿಕೆಟ್ಟಿನಿಂದ ಸಾಹುಕಾರರ ಕಾರಿಗೆ ಜಾಗ ಒದಗಿಸುವುದು ನ್ಯಾಯವಲ್ಲ. ಆದರೆ ಈ ನ್ಯಾಯಕ್ಕೆ ಒಂದು ಷರತ್ತುಂಟು: ಬಸ್ಸೋ ರೈಲೋ ಇರಬೇಕು. ಡಾಡ್ಜರ್ ಸ್ಟೇಡಿಯಂಗೆ 2010ರಿಂದ ಊರಿನ ದೊಡ್ಡ ರೈಲು ನಿಲ್ದಾಣದಿಂದ ಟಿಕೆಟ್ ಇದ್ದವರಿಗೆ ಉಚಿತ ಬಸ್ ಬಿಟ್ಟಿದ್ದಾರೆ. ಅಂಥ ಬಸ್ಸು ಇದ್ದ ಕಡೆ ಕಾರಿನವನಿಗೆ ಎಷ್ಟು ಹಾಕಿದರೂ ನನ್ನ ತಕರಾರಿಲ್ಲ. ಬಸ್ಸಿಲ್ಲದ ಕಡೆ ಹಾಕಿದರೆ ಅದು ಬಾಡಿಗೆ ಅಲ್ಲ, ದಾರಿಗೆ ಅಡ್ಡಗಟ್ಟಿದ ಸುಂಕ.

ನಮ್ಮ ಕಡೆಗೆ ಬರೋಣ. ಸಂತೆ ಸುಂಕ ನಮಗೆ ಹೊಸದಲ್ಲ. ಆಂಧ್ರದವರು ಆಶೀಲು ಅನ್ನುತ್ತಾರೆ. ಪಂಚಾಯಿತಿಯವರು ಬಹಿರಂಗ ಹರಾಜು ಹಾಕುತ್ತಾರೆ. ಹಿಡಿದವನು ಬೇವಿನ ಮರದ ಕೆಳಗೆ ಕೂತು ಗಾಡಿಗೆ ಇಷ್ಟು, ಕುರಿಗೆ ಇಷ್ಟು ಎಂದು ವಸೂಲು ಮಾಡುತ್ತಾನೆ. ಜಗಳ ಆಗುತ್ತದೆ, ಹೆಚ್ಚಿಗೆ ಕಿತ್ತುಕೊಳ್ಳುವುದೂ ಉಂಟು. ಆದರೂ ಹರಾಜಿನ ಹಣ ಎಲ್ಲಿಗೆ ಹೋಯಿತೆಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ. ಪಾರ್ಕಿನ ಗೇಟಿನಲ್ಲಿ ಯಾರನ್ನು ಕೇಳುವುದು? ಹಿಂದೊಮ್ಮೆ ನಮ್ಮೂರಿನ ಹುಡುಗರು ಕ್ರೂಸರ್ ಮಾಡಿಕೊಂಡು ನಗರಕ್ಕೆ ಮ್ಯಾಚ್ ನೋಡಲು ಹೋಗಿದ್ದರು. ಖಾಲಿ ಸೈಟೊಂದರಲ್ಲಿ ಗಾಡಿ ಬಿಟ್ಟಿದ್ದಕ್ಕೆ ಮುನ್ನೂರು ರೂಪಾಯಿ, ರಸೀದಿ ಇಲ್ಲ. ಬರುವಷ್ಟರಲ್ಲಿ ದುಡ್ಡು ಇಸಿದುಕೊಂಡವನೂ ಇಲ್ಲ! ಗಾಡಿ ಇತ್ತು, ಅದೇ ಪುಣ್ಯ.

ಕೇಳುವವರು ಇದ್ದಲ್ಲಿ ದಾರಿ ಸಿಕ್ಕಿರುವುದೂ ಉಂಟು. ತೆಲಂಗಾಣ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ ಮಾಲ್, ಮಲ್ಟಿಪ್ಲೆಕ್ಸುಗಳಲ್ಲಿ ಮೊದಲ ಅರ್ಧ ಗಂಟೆ ಪಾರ್ಕಿಂಗ್ ಉಚಿತ ಮಾಡಿತು. ಏನಾದರೂ ಕೊಂಡ ಬಿಲ್ ತೋರಿಸಿದರೆ ಒಂದು ಗಂಟೆಯವರೆಗೆ ಉಚಿತ. ಗುಜರಾತ್ ಹೈಕೋರ್ಟು 2019ರಲ್ಲಿ ಮಾಲಿನವರಿಗೆ ಪಾರ್ಕಿಂಗ್ ಶುಲ್ಕ ಎತ್ತುವ ಹಕ್ಕೇ ಇಲ್ಲ ಎಂದಿತು. ಕಟ್ಟಡದ ಪರವಾನಗಿ ಪಡೆಯುವಾಗಲೇ ಗಾಡಿ ನಿಲ್ಲಿಸಲು ಜಾಗ ಬಿಡುತ್ತೇವೆ ಎಂದು ನಕ್ಷೆಯಲ್ಲಿ ತೋರಿಸಿರುತ್ತಾರಲ್ಲ, ಆ ಜಾಗವನ್ನೇ ಮತ್ತೆ ಮಾರುವುದೆಂತು? ಚೆನ್ನೈನಲ್ಲಿ 2025ರ ಐಪಿಎಲ್ ಪಂದ್ಯಗಳಿಗೆ ಮ್ಯಾಚ್ ಟಿಕೆಟ್ಟೇ ಮೆಟ್ರೊ ಟಿಕೆಟ್ಟೂ ಆಗಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಕಟ್ಟಿದಾಗ ಈ ಪರಿ ಕಾರುಗಳ ಕಲ್ಪನೆಯೇ ಯಾರಿಗೂ ಇರಲಿಲ್ಲ. ಅಲ್ಲಿಗೆ ಹೋಗುವವರಿಗೆ ಮೆಟ್ರೊ ಒಂದೇ ಗತಿ. ಒಂದು ರೀತಿಯಲ್ಲಿ ಅದೇ ಒಳ್ಳೆಯದು.

ಮುಂದಿನ ಸ್ಟೇಡಿಯಂ ಗಡಿಗೆ ಹತ್ತಿರ ಬರಲಿದೆ. ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದ ಬಳಿ ಸೂರ್ಯನಗರದಲ್ಲಿ ಸುಮಾರು 100 ಎಕರೆಯಲ್ಲಿ 80,000 ಆಸನದ ಕ್ರೀಡಾಂಗಣ ಕಟ್ಟುವ ಪ್ರಸ್ತಾವಕ್ಕೆ ಕರ್ನಾಟಕ ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಹೊಸೂರಿನ ಕನ್ನಡಿಗರಿಗೆ ಅದು ಬೆಂಗಳೂರಿನ ನಡುಭಾಗದಲ್ಲಿರುವವರಿಗಿಂತ ಹತ್ತಿರ. ಅಲ್ಲಿಯೂ ಎಕರೆಯ ಲೆಕ್ಕ ಹಾಕಿ ನೋಡಿ. ಎಂಬತ್ತು ಸಾವಿರದಲ್ಲಿ ಕಾಲುಭಾಗ ಜನ ಕಾರಿನಲ್ಲಿ ಬಂದರು, ಕಾರಿಗೆ ನಾಲ್ಕು ಜನ ಅನ್ನಿ, ಐದು ಸಾವಿರ ಕಾರು. ಎಕರೆಗೆ 120ರಂತೆ ನಲವತ್ತು ಎಕರೆ ದಾಟಿತು. ಮೂಗಿಗಿಂತ ಮೂಗುತಿ ಭಾರ ಆಗುವುದು ಹೀಗೆಯೇ. ಇಲ್ಲವೇ ಆ ಕಾರುಗಳು ಅಕ್ಕಪಕ್ಕದ ಹಳ್ಳಿಗಳ ಹೊಲ, ಖಾಲಿ ಸೈಟು ಹುಡುಕಿಕೊಂಡು ಹೋಗುತ್ತವೆ. ಯಾರೋ ಹಗ್ಗ ಕಟ್ಟಿಕೊಂಡು ರಸೀದಿ ಇಲ್ಲದೆ ವಸೂಲಿಗೆ ನಿಲ್ಲುತ್ತಾರೆ.

ಅಡಿಪಾಯ ಬೀಳುವ ಮೊದಲೇ ಹೊಸೂರು, ಆನೇಕಲ್ ಕಡೆಯ ಸಂಘಸಂಸ್ಥೆಗಳು ಕೇಳಬೇಕಾದದ್ದು ಇದೆ. ನಕ್ಷೆಯಲ್ಲಿ ಎಷ್ಟು ಗಾಡಿಗೆ ಜಾಗ ತೋರಿಸಿದ್ದೀರಿ? ದರ ಗೊತ್ತುಮಾಡುವವರು ಯಾರು, ಗುತ್ತಿಗೆದಾರನೋ ಸರ್ಕಾರವೋ? ಮ್ಯಾಚ್ ದಿನ ಅದು ಎರಡರಷ್ಟು ಆಗದಂತೆ ತಡೆ ಏನಿದೆ? ಬೊಮ್ಮಸಂದ್ರದ ತನಕ ಮೆಟ್ರೊ 2025ರ ಆಗಸ್ಟಿನಲ್ಲಿ ಬಂತು. ಅದನ್ನು ಹೊಸೂರಿಗೆ ಮುಟ್ಟಿಸುವ ಮಾತು ವರ್ಷಗಟ್ಟಲೆಯಿಂದ ಕೇಳುತ್ತಿದ್ದೇವೆ. ಸಂಜೆಯ ಪಂದ್ಯ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿರುತ್ತದೆ. ಆ ಹೊತ್ತಿನಲ್ಲಿ ಅತ್ತಿಬೆಲೆ ದಾಟಿಸುವ ಬಸ್ಸು ಯಾವ ರಾಜ್ಯದ್ದು ಎಂಬುದನ್ನು ಎರಡೂ ಸಾರಿಗೆ ನಿಗಮಗಳು ಈಗಲೇ ಕೂತು ಮಾತಾಡಿಕೊಳ್ಳಲಿ.