ಜರ್ಮನಿಗೆ ವೀಸಾ ಸುಲಭವಾಯಿತು, ಮನೆ ಕಷ್ಟವಾಯಿತು

ಮದುವೆಯ ಪಾತ್ರೆ ಕಟ್ಟಿಸಲು ನಮ್ಮ ಅಂಗಡಿಗೆ ಬರುವ ತಾಯಂದಿರು ಈಗೀಗ ಹೊಸ ಪ್ರಶ್ನೆಯೊಂದನ್ನು ಕೇಳುತ್ತಾರೆ. "ಅಣ್ಣಾರ, ಈ ಕುಕ್ಕರ್ ಇಂಡಕ್ಷನ್ ಮ್ಯಾಲೆ ನಡೀತದೇನ್ರಿ? ಮಗ ಜರ್ಮನಿಗೆ ಹೊಂಟಾನ." ಕುಕ್ಕರ್ ಪ್ರಶ್ನೆಗೆ ಉತ್ತರ ಸುಲಭ. ತಳಕ್ಕೆ ಅಯಸ್ಕಾಂತ ಹಿಡಿಯಬೇಕು. ಅಂಟಿದರೆ ನಡೆಯುತ್ತದೆ, ಅಂಟದಿದ್ದರೆ ಇಲ್ಲ. ನಾನು ತಿರುಗಿ ಕೇಳುವುದು ಬೇರೆ. "ಅಲ್ಲಿ ಮನೆ ಸಿಕ್ಕದೇನಮ್ಮಾ?" ಹೆಚ್ಚಿನವರ ಉತ್ತರ ಒಂದೇ: "ಅದನ್ನ ಕಂಪನಿಯವರು ನೋಡ್ಕೋತಾರಂತ." ಎರಡು ವರ್ಷದ ಹಿಂದೆ ನನ್ನ ತಮ್ಮನೂ ಇದೇ ಮಾತು ಹೇಳಿದ್ದ.

ಮೊದಲು ಅಮೆರಿಕ, ದುಬೈ ಎನ್ನುತ್ತಿದ್ದ ನಮ್ಮ ಮನೆಗಳಲ್ಲಿ ಈಗ ಜರ್ಮನಿಯ ಹೆಸರು ಕೇಳಿಬರುವುದಕ್ಕೆ ಕಾರಣವಿದೆ. 2024ರ ಅಕ್ಟೋಬರ್‌ನಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಝ್ ದೆಹಲಿಗೆ ಬಂದ ಸಂದರ್ಭದಲ್ಲಿ, ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವ ತೀರ್ಮಾನ ಹೊರಬಿತ್ತು. ಬೆಂಗಳೂರಿನಲ್ಲಿ ಬಾಷ್, ಸೀಮೆನ್ಸ್, ಎಸ್‌ಎಪಿ, ಮರ್ಸಿಡಿಸ್ ಬೆಂಜ್ ಕಂಪನಿಗಳ ದೊಡ್ಡ ಕಚೇರಿಗಳಿವೆ. ಅಲ್ಲಿ ನಾಲ್ಕಾರು ವರ್ಷ ದುಡಿದ ಹುಡುಗನಿಗೆ ಸ್ಟುಟ್‌ಗಾರ್ಟ್, ಮ್ಯೂನಿಕ್, ವಾಲ್ಡಾರ್ಫ್ ಪಕ್ಕದ ಊರಿದ್ದ ಹಾಗೆ. ಇಂದು ಜರ್ಮನಿಯಲ್ಲಿರುವ ಭಾರತೀಯರ ಸಂಖ್ಯೆ ಎರಡೂವರೆ ಲಕ್ಷ ದಾಟಿದೆ. ಅಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿಯೂ ನಮ್ಮವರದೇ ಮೊದಲ ಸ್ಥಾನ.

ಇನ್ನೊಂದು ಕಡೆಯ ಲೆಕ್ಕ ನೋಡಿ. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲೇ ಇರುವವರು. ಸ್ವಂತ ಮನೆ ಆಗಲೇಬೇಕೆಂಬ ನಮ್ಮ ಹಟ ಅಲ್ಲಿಲ್ಲ. ಹಿಂದಿನ ಸರ್ಕಾರ ವರ್ಷಕ್ಕೆ 4 ಲಕ್ಷ ಹೊಸ ಮನೆ ಕಟ್ಟುವ ಗುರಿ ಇಟ್ಟುಕೊಂಡಿತ್ತು. 2023ರಲ್ಲಿ ಕಟ್ಟಿ ಮುಗಿದದ್ದು ಸುಮಾರು 2 ಲಕ್ಷ 94 ಸಾವಿರ, 2024ರಲ್ಲಿ ಸುಮಾರು 2 ಲಕ್ಷ 52 ಸಾವಿರ. 2022ರ ಯುದ್ಧದ ನಂತರ ಬಡ್ಡಿ ಏರಿತು, ಸಾಮಗ್ರಿಯ ಬೆಲೆ ಏರಿತು, ಉಕ್ರೇನಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಆಶ್ರಯ ಕೇಳಿ ಬಂದರು. ಕಟ್ಟಡದ ಅನುಮತಿ ಬೇಗ ಸಿಗಲೆಂದು 2025ರಲ್ಲಿ ಹೊಸ ಕಾನೂನು ಮಾಡಿದ್ದಾರೆ. ಅದರ ಫಲ ಕಾಣಲು ವರ್ಷಗಳು ಬೇಕು. ಈ ವರ್ಷ ಹೊರಡುವ ನಮ್ಮ ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ.

ನನ್ನ ತಮ್ಮನ ಮಗ 2024ರ ಫೆಬ್ರವರಿಯಲ್ಲಿ ಸ್ಟುಟ್‌ಗಾರ್ಟ್‌ಗೆ ಹೋದ. "ಕಂಪನಿ ನೋಡಿಕೊಳ್ಳುತ್ತದೆ" ಎಂದರೆ ಆರು ವಾರದ ಸಜ್ಜುಗೊಳಿಸಿದ ಕೋಣೆ ಎಂದು ಅಲ್ಲಿ ಹೋದ ಮೇಲೆ ತಿಳಿಯಿತು. ಹೆಂಡತಿ, ಮೂರು ವರ್ಷದ ಮಗಳು ಹುಬ್ಬಳ್ಳಿಯಲ್ಲಿ ನಮ್ಮ ಜೊತೆ. ಏಪ್ರಿಲ್‌ನಲ್ಲಿ ಬರುತ್ತಾರೆ ಎಂದು ಬೆಂಗಳೂರಿನ ಮನೆ ಬಿಟ್ಟಾಗಿತ್ತು, ಸಾಮಾನು ಮಾರಿಯಾಗಿತ್ತು. ಅವನು ಎಪ್ಪತ್ತಕ್ಕೂ ಹೆಚ್ಚು ಮನೆಗಳಿಗೆ ಅರ್ಜಿ ಹಾಕಿದ. ಬಂದು ನೋಡಿ ಎಂದು ಕರೆದವರು ಆರು ಜನ. ಜೂನ್‌ನಲ್ಲಿ ತಾಯಿ ಮಗಳ ವೀಸಾ ಕೈಗೆ ಬಂತು, ಮನೆ ಬರಲಿಲ್ಲ. ಅವರು ವಿಮಾನ ಹತ್ತಿದ್ದು ನವೆಂಬರ್‌ನಲ್ಲಿ.

ಇಷ್ಟು ತಡವಾಗಲು ಹುಡುಗನ ಅಸಡ್ಡೆ ಕಾರಣವಲ್ಲ. ಅಲ್ಲಿಯ ಮನೆ ಮಾಲೀಕ ಕೇಳುವ ಕಾಗದಗಳೇ ಹಾಗಿವೆ. ಹಿಂದಿನ ಮೂರು ತಿಂಗಳ ಸಂಬಳದ ಚೀಟಿ. ಷೂಫಾ ಎಂಬ ಸಂಸ್ಥೆಯ ವರದಿ. ನಮ್ಮ ಸಿಬಿಲ್ ಇದ್ದಂತೆ, ಸಾಲ ತೀರಿಸುವವನೋ ಅಲ್ಲವೋ ಎಂಬುದರ ದಾಖಲೆ. ಹಿಂದಿನ ಮಾಲೀಕನಿಂದ ಬಾಡಿಗೆ ಬಾಕಿ ಇಲ್ಲ ಎಂಬ ಪತ್ರ. ನಿನ್ನೆ ಇಳಿದ ಹುಡುಗನ ಬಳಿ ಮೂರರಲ್ಲಿ ಒಂದೂ ಇರುವುದಿಲ್ಲ. ಒಂದು ಮನೆಗೆ ನೂರು ಅರ್ಜಿ ಬಂದಾಗ ಮಾಲೀಕ ಕಾಗದ ಪೂರ್ತಿ ಇರುವವನನ್ನು ಆರಿಸುತ್ತಾನೆ. ನಾನೂ ಉದ್ರಿ ಕೊಡುವಾಗ ಗುರುತಿನವರನ್ನೇ ನೋಡುತ್ತೇನಲ್ಲ. ಹೆಸರು ನೋಡಿಯೇ ಅರ್ಜಿ ಬದಿಗಿಡುವವರೂ ಇದ್ದಾರೆ ಎಂದು ಅಲ್ಲಿರುವ ನಮ್ಮವರು ಹೇಳುತ್ತಾರೆ. ಜನಾಂಗ, ಧರ್ಮ ನೋಡಿ ಭೇದ ಮಾಡಬಾರದೆಂಬ ಕಾನೂನು 2006ರಿಂದ ಇದೆ, ಆದರೆ ಉತ್ತರವೇ ಬರದ ಅರ್ಜಿಯ ಮೇಲೆ ಏನೆಂದು ದೂರು ಕೊಡುವುದು?

ಮನೆ ಸಿಗದೆ ಉಳಿದ ಕೆಲಸಗಳೂ ನಿಲ್ಲುತ್ತವೆ. ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಇವರು ನನ್ನ ಮನೆಯಲ್ಲಿದ್ದಾರೆ ಎಂದು ಮಾಲೀಕ ಸಹಿ ಮಾಡಿಕೊಡಬೇಕು, 2015ರಿಂದ ಇದು ಅವನ ಕರ್ತವ್ಯ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ತಡವಾದರೆ ಅತಿ ಹೆಚ್ಚಿನ ದರದಲ್ಲಿ ಸಂಬಳದಿಂದ ತೆರಿಗೆ ಹಿಡಿಯುವ ಪ್ರಸಂಗ ಬರಬಹುದು. ಆದ್ದರಿಂದ "ಕೋಣೆ ಕೊಡುತ್ತೇನೆ, ನೋಂದಣಿಗೆ ಸಹಿ ಹಾಕುವುದಿಲ್ಲ" ಎನ್ನುವವರ ಮನೆ ಎಷ್ಟು ಅಗ್ಗವಾದರೂ ಬೇಡ. ಇನ್ನೊಂದು ಸಣ್ಣ ಸಂಗತಿ: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿರಬೇಕು. ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ನಮ್ಮವನ ಬ್ಯಾಂಕ್ ಕಾರ್ಡ್ ಎರಡು ಸಲ ಹಾಗೆ ಹೋಗಿ ಬಂತು.

ಈಗ ಹಣದ ವಿಷಯ. ನಾನು ವ್ಯಾಪಾರಿ, ನನಗೆ ಇದು ಮುಖ್ಯ. ವರ್ಷಕ್ಕೆ 60,000 ಯೂರೋ ಸಂಬಳ ಎಂದಾಗ ಇಲ್ಲಿ ನಾವು ನೂರರಿಂದ ಗುಣಿಸಿ ಅರವತ್ತು ಲಕ್ಷ ಎಂದು ಹಿಗ್ಗುತ್ತೇವೆ. ಹೆಂಡತಿ ಇನ್ನೂ ಭಾರತದಲ್ಲೇ ಇರುವವನಿಗೆ ತೆರಿಗೆ, ವಿಮೆ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 3,100 ಯೂರೋ. ಬಾಡಿಗೆ ಇದರ ಮೂರನೆಯ ಒಂದು ಭಾಗ ಮೀರಬಾರದು ಎಂಬುದು ಅಲ್ಲಿನ ಮಾಲೀಕರ ರೂಢಿ. ಎಂದರೆ ಸಾವಿರ ಯೂರೋ ಆಸುಪಾಸು. ಜಾಹೀರಾತಿನಲ್ಲಿ ಎರಡು ಬೆಲೆ ಇರುತ್ತವೆ. ಕಾಲ್ಟ್‌ಮೀಟೆ ಎಂದರೆ ತಣ್ಣನೆಯ ಬಾಡಿಗೆ, ಬರೀ ಗೋಡೆಗಳದ್ದು. ವಾರ್ಮ್‌ಮೀಟೆ ಎಂದರೆ ಬಿಸಿ ಬಾಡಿಗೆ. ಅದರಲ್ಲಿ ನೀರು, ಕಸ, ಸಾಮಾನ್ಯವಾಗಿ ಚಳಿಗಾಲದ ಕಾವಿನ ಖರ್ಚೂ ಸೇರಿರುತ್ತದೆ. ಕರೆಂಟು ಬೇರೆ, ಇಂಟರ್ನೆಟ್ ಬೇರೆ. ಟಿವಿ ಇರಲಿ ಬಿಡಲಿ ಪ್ರತಿ ಮನೆಯಿಂದ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳು ಹಂಚಿಕೊಂಡಿರುವ ಮನೆಯ ಒಂದು ಕೋಣೆಗೇ 800 ಯೂರೋ ಸುಮಾರು ನಡೆಯುತ್ತಿದೆ. ಸಂಸಾರ ಒಯ್ಯುವವನ ಗತಿ ನೀವೇ ಯೋಚಿಸಿ.

ಠೇವಣಿಯ ವಿಷಯದಲ್ಲಿ ಮಾತ್ರ ಅವರ ಪದ್ಧತಿ ನಮಗಿಂತ ಎಷ್ಟೋ ಮೇಲು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣದ ಹೆಸರಿನಲ್ಲಿ ಒಂದು ತಿಂಗಳಿನದ್ದು ಹೋಯಿತೆಂದು ಕೈಮುಗಿದು ಬರುವುದು ನಮಗೆ ಅಭ್ಯಾಸ. ಅಲ್ಲಿ ಕಾನೂನಿನ ಪ್ರಕಾರ ಮೂರು ತಿಂಗಳ ತಣ್ಣನೆಯ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಮಾಲೀಕ ಆ ಹಣವನ್ನು ತನ್ನ ಹಣದಿಂದ ಬೇರೆಯಾಗಿ, ಬಡ್ಡಿ ಬರುವಂತೆ ಇಡಬೇಕು. ದಲ್ಲಾಳಿಯನ್ನು ಯಾರು ಕರೆಸಿದರೋ ಅವರೇ ಕಮಿಷನ್ ಕೊಡಬೇಕೆಂಬ ನಿಯಮ 2015ರಿಂದ ಬಂದಿದೆ, ಹಾಗಾಗಿ ಬಾಡಿಗೆದಾರನಿಗೆ ಆ ಖರ್ಚು ಬಹುಮಟ್ಟಿಗೆ ಇಲ್ಲ. ಒಳಗೆ ಹೋಗುವ ದಿನ ಗೋಡೆಯ ಕಲೆ, ನೆಲದ ಗೀರು ಎಲ್ಲವನ್ನೂ ಬರೆದು ಇಬ್ಬರೂ ಸಹಿ ಮಾಡುವ ಪದ್ಧತಿ ಇದೆ. ಫೋಟೋ ಸಹಿತ ಬರೆಸಿಕೊಳ್ಳಿ, ಸಂಕೋಚ ಬೇಡ.

ಬಾಡಿಗೆಗೂ ಕಡಿವಾಣ ಇದೆ. ಮನೆಗಳ ಕೊರತೆ ಇರುವ ಊರುಗಳಲ್ಲಿ ಹೊಸ ಕರಾರಿನ ಬಾಡಿಗೆ ಆ ಭಾಗದ ರೂಢಿಯ ದರಕ್ಕಿಂತ ಶೇ. 10ಕ್ಕಿಂತ ಹೆಚ್ಚಿರಬಾರದು. ಈ ನಿಯಮವನ್ನು 2029ರ ಕೊನೆಯವರೆಗೆ ಮುಂದುವರಿಸಿದ್ದಾರೆ. ಆದರೆ 2014ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಬಳಕೆಗೆ ಬಂದ ಮನೆಗಳಿಗೆ ಇದು ತಾಗುವುದಿಲ್ಲ. ತಾತ್ಕಾಲಿಕ ವಾಸಕ್ಕೆ ಕೊಟ್ಟ ಮನೆಗಳಿಗೂ ತಾಗುವುದಿಲ್ಲ. ಮಂಚ, ಸೋಫಾ ಇಟ್ಟು ಕೊಡುವ ಮನೆಗೆ ಪೀಠೋಪಕರಣದ ಹೆಸರಿನಲ್ಲಿ ಎಷ್ಟು ಸೇರಿಸಬಹುದು ಎಂಬುದಕ್ಕೆ ಸ್ಪಷ್ಟ ಅಳತೆ ಇಲ್ಲ. ಹೊಸಬನಿಗೆ ಬೇಗ ಸಿಗುವುದು ಇಂಥ ಮನೆಗಳೇ. ಕಾನೂನಿನ ರಕ್ಷಣೆ ಅತ್ಯಂತ ಕಡಿಮೆ ಇರುವ ಕಡೆಗೇ ನಮ್ಮ ಮಕ್ಕಳು ಹೋಗಿ ಬೀಳುತ್ತಾರೆ. ಆರು ವಾರ ಮುಗಿದ ಮೇಲೆ ನಮ್ಮವನು ಒಂದೇ ಕೋಣೆಗೆ ತಿಂಗಳಿಗೆ 1,450 ಯೂರೋ ಕೊಟ್ಟ. ಅದು ಬಿಡದ ಹೊರತು ಉಳಿತಾಯವಿಲ್ಲ, ಬೇರೆ ಮನೆ ಸಿಗದೆ ಅದನ್ನು ಬಿಡುವಂತಿಲ್ಲ.

ಈ ಅವಸರದಲ್ಲೇ ಮೋಸ ನಡೆಯುವುದು. ಅಂದವಾದ ಫೋಟೋ, ಸಾಧಾರಣ ಬಾಡಿಗೆ, "ನಾನು ಈಗ ಬೇರೆ ದೇಶದಲ್ಲಿದ್ದೇನೆ, ಠೇವಣಿ ಕಳಿಸಿ, ಕೀಲಿಕೈ ಕೊರಿಯರ್ ಮಾಡುತ್ತೇನೆ" ಎಂಬ ಸಭ್ಯ ಪತ್ರ, ಜೊತೆಗೆ ಪಾಸ್‌ಪೋರ್ಟ್ ಪ್ರತಿ. ನಮ್ಮ ಹುಡುಗ 1,800 ಯೂರೋ ಕಳೆದುಕೊಂಡ. ಎಂಜಿನಿಯರ್, ತಿಳಿದವನು. ಮನೆಯವರ ಮುಂದೆ ಹೇಳಲು ಅವನಿಗೆ ಎರಡು ತಿಂಗಳು ಹಿಡಿಯಿತು. ಅವನನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯನ್ನು ತಾನು ಅಥವಾ ನಂಬಿಗಸ್ತ ಗೆಳೆಯ ಕಣ್ಣಾರೆ ನೋಡದೆ, ಕರಾರಿಗೆ ಸಹಿ ಆಗದೆ ಒಂದು ಯೂರೋ ಕೂಡ ಹೋಗಬಾರದು. ಇಲ್ಲಿ ಕೂತ ತಂದೆ ತಾಯಿ "ಬೇಗ ಮಾಡು, ಸೊಸೆ ಕಾಯ್ತಾಳ" ಎಂದು ದಿನಾ ಫೋನಿನಲ್ಲಿ ಒತ್ತುವುದೂ ಇಂಥ ಅವಸರಕ್ಕೆ ದೂಡುತ್ತದೆ. ನಾವು ಒತ್ತಿದ್ದೆವು.

ಇನ್ನು ಅಡುಗೆಮನೆ. ಜರ್ಮನಿಯಲ್ಲಿ ಖಾಲಿ ಮನೆ ಎಂದರೆ ಎಷ್ಟೋ ಕಡೆ ಅಡುಗೆಮನೆಯಲ್ಲಿ ನೀರಿನ ಪೈಪು, ಕರೆಂಟಿನ ವೈರು ಮಾತ್ರ. ಒಲೆ, ಸಿಂಕು, ಕಪಾಟು ಎಲ್ಲವನ್ನೂ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಹಿಂದಿನವರದ್ದನ್ನೇ ಕೊಳ್ಳಲು ಆದರೆ ಅದೇ ಲೇಸು. ಹೊರಗೆ ಊಟ ಮಾಡಿದರಾಯಿತು ಎನ್ನುವವರಿಗೆ ಇದು ಸಣ್ಣ ತೊಂದರೆ, ನಮ್ಮ ಮನೆಗಳಿಗೆ ಹಾಗಲ್ಲ. ಹಂಚಿಕೆಯ ಮನೆಯಲ್ಲಿ ಒಂದೇ ಬಾಣಲೆ, ಒಂದೇ ಫ್ರಿಜ್. ಕೋಣೆ ಒಪ್ಪುವ ಮೊದಲೇ ಸಸ್ಯಾಹಾರದ ಮಾತನ್ನು ಬಾಯಿಬಿಟ್ಟು ಹೇಳಿ, ಫ್ರಿಜ್ಜಿನಲ್ಲಿ ಒಂದು ಅಂಕಣ, ಬೇರೆ ಪಾತ್ರೆ ಕೇಳಬೇಕು. ಸಸ್ಯಾಹಾರಿಗಳು ಅಲ್ಲಿಯ ಯುವಕರಲ್ಲೂ ಬೇಕಾದಷ್ಟಿದ್ದಾರೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಸೂರ್ಯಾಸ್ತದೊಳಗೆ ಉಣ್ಣುವ ನೇಮ ಇರುವವರು ಇನ್ನೊಂದನ್ನು ತಿಳಿದಿರಲಿ: ಡಿಸೆಂಬರ್‌ನಲ್ಲಿ ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆ ತಿಂಗಳುಗಳಲ್ಲಿ ಡಬ್ಬಿ ಕಚೇರಿಗೆ ಹೋಗಬೇಕು, ಮನೆ ಎಲ್ಲಿದ್ದರೂ ಅಷ್ಟೇ. ಒಗ್ಗರಣೆ, ಅನ್ನದ ಹಬೆಗೆ ಚಳಿಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಬಿಡುವಾಗ ಠೇವಣಿಯಲ್ಲಿ ಮುರಿಯುವುದು ಇದಕ್ಕೇ. ಚಳಿ ಎಂದು ಕಿಟಕಿ ಮುಚ್ಚಿ ಕೂರದೆ ದಿನಕ್ಕೆ ಎರಡು ಮೂರು ಸಲ ಪೂರ್ತಿ ತೆರೆದು ಗಾಳಿ ಆಡಿಸಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಭಾನುವಾರ ಇಡೀ ದಿನ ಗದ್ದಲ ಮಾಡುವಂತಿಲ್ಲ. ನಸುಕಿನಲ್ಲಿ ಮಿಕ್ಸರ್ ತಿರುಗಿಸಿದರೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ.

ನಮ್ಮವನಿಗೆ ಕೊನೆಗೆ ಮನೆ ಸಿಕ್ಕಿದ್ದು ಸ್ಟುಟ್‌ಗಾರ್ಟ್‌ನಲ್ಲಲ್ಲ, ಎಸ್1 ರೈಲು ಮಾರ್ಗದ ಕೊನೆಯ ಹೆರೆನ್‌ಬರ್ಗ್‌ನಲ್ಲಿ. ದೊಡ್ಡ ನಗರದ ಹೆಸರೇ ಬೇಕೆಂಬ ಆಸೆ ಬಿಟ್ಟ ಮೇಲೆ ಕರೆಗಳು ಬರತೊಡಗಿದವು. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಈಗ 63 ಯೂರೋ. ವೇಗದ ರೈಲುಗಳನ್ನು ಬಿಟ್ಟು ಇಡೀ ದೇಶದ ಸ್ಥಳೀಯ ರೈಲು, ಬಸ್ಸಿಗೆ ಅದೇ ಸಾಕು. ಅದು ಇರುವುದರಿಂದ ಸಣ್ಣ ಊರಿನ ಲೆಕ್ಕ ಕೂಡಿ ಬರುತ್ತದೆ. ಮಾಲೀಕರು ವಯಸ್ಸಾದ ದಂಪತಿ. ಅವರು ಷೂಫಾ ಕೇಳಲಿಲ್ಲ, ಹುಡುಗ ಮುರುಕು ಜರ್ಮನ್‌ನಲ್ಲಿ ಬರೆದ ಪತ್ರವನ್ನು ಇಟ್ಟುಕೊಂಡರು.

2024ರ ಮಾರ್ಚ್‌ನಿಂದ ನುರಿತ ಕೆಲಸದ ವೀಸಾ ಇರುವವರು ಹೆಂಡತಿ ಮಕ್ಕಳನ್ನು ಕರೆಸಲು ಸಾಕಷ್ಟು ದೊಡ್ಡ ಮನೆ ಇದೆ ಎಂದು ತೋರಿಸಬೇಕಾಗಿಲ್ಲ. ಇದು ದೊಡ್ಡ ಅನುಕೂಲವೆಂದು ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದರಿಂದ ಇಲ್ಲಿಯವರು ಮೋಸಹೋಗುತ್ತಿದ್ದಾರೆ. ವೀಸಾ ಬಂತು ಎಂದರೆ ಎಲ್ಲ ಆಯಿತು ಎಂದು ಬೆಂಗಳೂರಿನ ಮನೆ ಖಾಲಿ ಮಾಡಿ, ಮಗುವಿನ ಶಾಲೆ ಬಿಡಿಸುತ್ತಾರೆ. ಹುಡುಗ ಮೊದಲು ಒಬ್ಬನೇ ಹೋಗಲಿ, ಮೂರು ಸಂಬಳದ ಚೀಟಿ ಕೈಗೆ ಬರಲಿ, ಕರಾರಿಗೆ ಸಹಿ ಆಗಲಿ. ಅಲ್ಲಿಯವರೆಗೆ ಸೊಸೆ ಕೆಲಸ ಬಿಡಬಾರದು, ಇಲ್ಲಿಯ ಮನೆಯನ್ನೂ ಬಿಡಬಾರದು.

ಕಂಪನಿಯ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಬೇಕಾದದ್ದು ಸಂಬಳದಷ್ಟೇ ಮುಖ್ಯ. ಎಷ್ಟು ವಾರ ವಸತಿ? ಆ ವಿಳಾಸದಲ್ಲಿ ನೋಂದಣಿ ಆಗುತ್ತದೆಯೇ? ಮನೆ ಹುಡುಕಿಕೊಡುವ ಏಜೆಂಟರ ಖರ್ಚು ಕೊಡುತ್ತೀರಾ? ಆರು ವಾರವನ್ನು ಮೂರು ತಿಂಗಳು ಮಾಡಿ ಎಂದು ಕೇಳಿ ಪಡೆದವರನ್ನು ನಾನು ಬಲ್ಲೆ. ಸಹಿ ಆದ ಮೇಲೆ ಕೇಳಿದವರಿಗೆ ಸಿಕ್ಕಿಲ್ಲ.

ಈ ಬೇಸಿಗೆಯಲ್ಲಿ ಹೊರಡುವವರು ಒಂದು ಕೆಲಸ ಈಗಲೇ ಮಾಡಬಹುದು. ಈಗಿರುವ ಬಾಡಿಗೆ ಮನೆಯ ಮಾಲೀಕರಿಂದ, ಇಷ್ಟು ವರ್ಷ ಇದ್ದರು, ಬಾಡಿಗೆ ಬಾಕಿ ಇಲ್ಲ ಎಂದು ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸಿ, ಸಹಿ, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಊರು ಬಿಟ್ಟ ಮೇಲೆ ಬೆಂಗಳೂರಿನ ಮಾಲೀಕರು ಫೋನ್ ಎತ್ತುವುದು ಕಷ್ಟ.